ಸಮಿತಿಗೆ ಬರುವ ಮೇಲ್

ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ ಕುಸುಮಾವತಿಯನ್ನು ಪ್ರಾಂಶುಪಾಲರು ಕೋಣೆಗೆ ಕರೆಸಿದರು.

“ಮಹಿಳಾ ದೂರು ಸಮಿತಿಗೆ ಬರೋ ಮೇಲ್‌ನಲ್ಲಿ ನನ್ನ ಹೆಸರಿದ್ರೆ ಅದು ಸಮಿತಿಗೆ ಹೋಗಬಾರದು. ಸೀದಾ ನನಗೆ ಬರೋ ಹಾಗೆ ಫಿಲ್ಟರ್ ಹಾಕಿ.”

“ಅದು ತಪ್ಪಾಗುತ್ತೆ ಸರ್.”

“ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ಅಲ್ವಾ?”

ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಅವಳು ಫಿಲ್ಟರ್ ಹಾಕಿದಳು. ಯಾರ ಬಳಿಯೂ ಹೇಳಿಕೊಳ್ಳಲಾಗಲಿಲ್ಲ.

ಕೆಲವು ವಾರಗಳ ನಂತರ, ಅದೇ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ತುತ್ತು ಮುಟ್ಟದೆ ತಟ್ಟೆಯ ಮುಂದೆ ಕೂತಿದ್ದಳು.

“ಏನಾಯ್ತು ಅರ್ಪಿತಾ?”

ಮಗಳು ತಲೆ ಎತ್ತಲಿಲ್ಲ.

“ಪ್ರಿನ್ಸಿಪಾಲರು ನನಗೆ ಮಾಡಿದ್ದನ್ನೆಲ್ಲ ಬರೆದು ಸಮಿತಿಗೆ ಮೇಲ್ ಕಳಿಸಿದೀನಮ್ಮ. ಸಮಿತಿಯವರನ್ನ ಬಿಟ್ಟು ಬೇರೆ ಯಾರೂ ಅದನ್ನ ಓದಲ್ಲ ತಾನೇ?”