ಚಿಕ್ಕಿ ಹೊಲಿಗೆ ಕಲಿತ ದಿನ

ತೆಂಗಿನಕಾಯಿ ಹಾಕಿದ ಹುಳಿ ಹಳಸಿದ ವಾಸನೆ ಬಂದರೆ ಧಾರೇಶ್ವರದ ಆ ಮಧ್ಯಾಹ್ನ ನೆನಪಾಗುತ್ತದೆ. ಈಗ ನಾನು ದೇವಸ್ಥಾನದಿಂದ ಬರುವುದು ತಡವಾದರೆ ನನ್ನ ಗಂಡ ತಾವೇ ಬಡಿಸಿಕೊಂಡು ಉಂಡು ಮಲಗಿರುತ್ತಾರೆ. ಅದೂ ದೇವರ ದಯೆಯೇ.

ನನಗಾಗ ಎಂಟು ವರ್ಷ. ಚಿಕ್ಕಿ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಅಡಿಗೆ ಮಾಡಿಟ್ಟು, ಹೊಲಿಗೆ ಕಲಿಯಲೆಂದು ಮೊದಲ ಸಲ ಬಸ್ಸು ಹತ್ತಿ ಕುಮಟೆಗೆ ಹೋದಳು. ಹನ್ನೆರಡಕ್ಕೆ ಅಜ್ಜಿ ಬಡಿಸಿದಳು. ಚಿಕ್ಕಪ್ಪ ಎಲೆಯ ಮುಂದೆ ಕೂತ, ಉಣ್ಣಲಿಲ್ಲ. "ಅವಳು ಬರಲಿ" ಎಂದ. ಅನ್ನ ಒಣಗಿತು, ಹುಳಿಗೆ ನೊರೆ ಬಂತು. ನಾನು ನೊಣ ಓಡಿಸುತ್ತ ಕೂತೆ.

ಸಂಜೆ ಚಿಕ್ಕಿ ನಗುತ್ತ ಬಂದಳು.

"ಎಂತಾ ಪ್ರೀತಿ ನೋಡೇ! ನೀ ಇಲ್ದೇ ಒಂದು ತುತ್ತೂ ಮುಟ್ಟಿದ್ನಿಲ್ಲೆ" ಎಂದಳು ಅಜ್ಜಿ.

ಚಿಕ್ಕಪ್ಪ ಎರಡೇ ತುತ್ತು ಉಂಡು ಎದ್ದ. ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣುವುದು ಆಗಿನ ಪದ್ಧತಿ. ಚಿಕ್ಕಿ ಸೆರಗು ಸರಿಮಾಡಿಕೊಂಡು ಅಲ್ಲೇ ಕೂತಳು. ಅವನು ಕೈ ತೊಳೆದು ಬಂದು ಮೆತ್ತಗೆ ಕೇಳಿದ:

"ನಾಳೆನೂ ಹೋಗ್ತ್ಯನೇ? ನಾ ಬೇಡ ಹೇಳ್ತ್ನಿಲ್ಲೆ."

ಚಿಕ್ಕಿ ಬಾಯಲ್ಲಿದ್ದುದನ್ನು ನುಂಗಿದಳು.

"ಇಲ್ಲೆ."

ಚಿಕ್ಕಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ತಾನೇ ಸೌಟು ಹಿಡಿದು ಅವಳಿಗೆ ಇನ್ನಷ್ಟು ಹುಳಿ ಬಡಿಸಿದ.