ಒಂದು ಹಿಡಿ ಹಿಮ

ರಾತ್ರಿ ಹನ್ನೊಂದಕ್ಕೆ ಮಗಳ ಕೋಣೆಯಲ್ಲಿ ಫೋನು 'ಟಿಣ್' ಎಂದಿತು. ಕುಡಿದ ನೀರಿನ ಲೆಕ್ಕವನ್ನು ಆ್ಯಪ್‌ಗೆ ಹಾಕಿದಾಗ ಬರುವ ಸದ್ದು. ಮಿರ್ವಾ ಅತ್ತ ಧಾವಿಸಿದಳು. ಮೂತ್ರಪಿಂಡ ಕೈಕೊಟ್ಟ ಎಂಟು ವರ್ಷದ ಹಿಲ್ಲಾಗೆ ದಿನಕ್ಕೆ ಅರ್ಧ ಲೀಟರ್ ಮಾತ್ರ. ಮೀರಿದರೆ ಮೈ ಊದಿ ಉಸಿರು ಕಟ್ಟುತ್ತಿತ್ತು.

ರಾತ್ರಿಯಿಡೀ ಮನೆಯಲ್ಲೇ ನಡೆಯುವ ಡಯಾಲಿಸಿಸ್ ಯಂತ್ರದ ಕೊಳವೆ ಹೊಟ್ಟೆಗಿದ್ದಂತೆಯೇ ಹಿಲ್ಲಾ ಕಿಟಕಿ ತೆರೆದು ಕೂತಿದ್ದಳು. ಔಲು ಊರಿಗೆ ಆ ವರ್ಷದ ಮೊದಲ ಹಿಮ ಬಿದ್ದಿತ್ತು.

"ಬೈಬೇಡಮ್ಮಾ. ಒಂದೇ ಹಿಡಿ ತಿಂದೆ. ಆ್ಯಪ್‌ನಲ್ಲಿ ಹಿಮ ಅಂತ ಇಲ್ವೇ ಇಲ್ಲ, ಅದಕ್ಕೆ ಒಂದು ಲೋಟ ಅಂತ ಒತ್ತಿದೆ. ಎಲ್ಲ ಕೆಂಪಾಗೋಯ್ತು!"

ಮಿರ್ವಾ ಅಷ್ಟೇ ಹಿಮವನ್ನು ಔಷಧಿ ಅಳೆಯುವ ಬಟ್ಟಲಿಗೆ ತುಂಬಿ, ಅಂಗೈಗಳ ನಡುವೆ ಹಿಡಿದು ಕರಗಿಸಿದಳು. ಎರಡೇ ಚಮಚ ನೀರು! ಲೆಕ್ಕ ತಿದ್ದಿದೊಡನೆ ಫೋನಿನ ತೆರೆ ಹಸಿರಾಯಿತು.

"ಇವತ್ತಿಂದು ಇನ್ನೂ ಮೂರು ಚಮಚ ಬಾಕಿ ಇದೆ ಕಣೆ."

"ಮತ್ತೆ ಯಾಕೆ ಸುಮ್ನೆ ನಿಂತಿದೀಯ? ಕಂಜೂಸಿ ಮಾಡ್ದೆ ಕೊಡು!"

ಮಗಳಿಗೊಂದು ಹಿಡಿ ಕೊಟ್ಟು, ಮಿರ್ವಾ ತಾನೂ ಕಿಟಕಿಯಾಚೆ ಬಾಗಿ ಬಾಯ್ತುಂಬ ತಿಂದಳು. ಹಲ್ಲು ಜುಮ್ಮೆಂದು ಇಬ್ಬರೂ ಕಿಸಕ್ಕೆಂದರು. ಮಗಳ ಎರಡು ಹಿಡಿಯ ಲೆಕ್ಕ ಬೆಳಿಗ್ಗೆ ಆ್ಯಪ್‌ನಲ್ಲಿ ಆಸ್ಪತ್ರೆಯ ನರ್ಸ್‌ಗೆ ಕಾಣುತ್ತದೆ, ಕಾಣಲಿ. ಈ ವಯಸ್ಸಿನಲ್ಲಿ ಮಕ್ಕಳಂತೆ ತಾನು ತಿಂದದ್ದನ್ನು ಮಾತ್ರ ಯಾರಿಗೂ ಹೇಳಬಾರದೆಂದು ಮಿರ್ವಾ ಆಗಲೇ ತೀರ್ಮಾನಿಸಿಬಿಟ್ಟಳು.