ಎಳನೀರಿನ ಕಲೆ

ಗಂಡ ಸೈನ್ಯದಲ್ಲಿ ತೊಡುತ್ತಿದ್ದ ಮಚ್ಚೆಮಚ್ಚೆಯ ಅಂಗಿಯನ್ನು ಗುರುಶಾಂತಮ್ಮ ಒಗೆಯುವ ಕಲ್ಲಿನ ಮೇಲೆ ಉಜ್ಜುತ್ತಿದ್ದಳು. ಹಳೆಯ ಸಮವಸ್ತ್ರಗಳನ್ನು ಕೂಡಿಡುವ ಹುಳಿಯಾರಿನ ಸೂರ್ಯಪ್ರಕಾಶ್ ಅದನ್ನು ಕೇಳಿ ಬರೆದು ವರ್ಷವಾಗಿತ್ತು. 'ಕೊಡುತ್ತೇವೆ' ಎಂದು ಉತ್ತರ ಬರೆದಿಟ್ಟಿದ್ದರೂ, ಕಲೆಯಾದ ಅಂಗಿ ಕೊಡಲು ನಾಚಿ ಅವಳು ಆ ಕಾಗದವನ್ನು ಕಳಿಸಿರಲಿಲ್ಲ.

"ಇದನ್ನ ಹಾಕ್ಕಂಡು ಎಳನೀರು ಕೆತ್ತಬ್ಯಾಡ್ರಿ ಅಂತ ಬಡ್ಕಂಡೆ! ಈಗ ಯಾವುದು ಮಿಲಿಟ್ರಿ ಮಚ್ಚೆ, ಯಾವುದು ಎಳನೀರಿನ ಕಲೆ?"

"ಬುಡೇ, ಕೊಡಿಲ್ಲಿ," ಎಂದ ಗಂಡ ಬೆಟ್ಟಸ್ವಾಮಿ ಹಸಿ ಅಂಗಿಯನ್ನೇ ತೊಟ್ಟು ತೋಟಕ್ಕೆ ನಡೆದ.

ಅವಳು ಬಕೆಟ್ಟಿನ ನೀರು ಚೆಲ್ಲಿ ತಲೆಯೆತ್ತಿದರೆ ಗಂಡನೇ ಇಲ್ಲ. ತೆಂಗಿನ ನೆರಳು, ಮಟ್ಟೆಯ ರಾಶಿ, ಅಷ್ಟೇ.

"ಎಲ್ಲೋದ್ರೀ?"

ಮಟ್ಟೆಯ ರಾಶಿ ಕಿಸಕ್ಕನೆ ನಕ್ಕಿತು.

ಅವಳೂ ನಗುತ್ತಲೇ ಕೈ ಒರೆಸಿಕೊಂಡು, ಉತ್ತರದ ಕೆಳಗೆ 'ಕಲೆಯಾಗಿದೆ, ಆದರೆ ಆಳನ್ನು ಇನ್ನೂ ಬಚ್ಚಿಡುತ್ತದೆ' ಎಂದು ಸೇರಿಸಿ, ಅಂದೇ ಅಂಚೆಗೆ ಹಾಕಿದಳು.